ಬಲದವಡೆಯ ಹಲ್ಲು

ಘೋಡಗೇರಿಯ ಉದ್ದಪ್ಪನ ಮನೆಯಲ್ಲಿ, ಆ ವರ್ಷ ಜೋಳದ ಸುಗ್ಗಿಯ ಹೊತ್ತಿಗೆ ಸರಿಯಾಗಿ, ಹಿರಿಯ ಸೊಸೆ ಸತ್ತೆವ್ವನಿಗೆ ಬಾಯಿ ತೆರೆಯಲು ಬಾರದಾಯಿತು. ಎಡದವಡೆಯ ಬಾವು ಕಿವಿಯ ತನಕ ಏರಿತ್ತು. ರೊಟ್ಟಿ ಮುರಿದು ಬಾಯಿಗಿಟ್ಟರೆ ತುತ್ತು ಒಳಹೋಗುವಷ್ಟೂ ಸಂದಿರಲಿಲ್ಲ. ಅತ್ತೆ ಮಾಯವ್ವ ರೊಟ್ಟಿಯನ್ನು ಹಾಲಿನಲ್ಲಿ ಕಿವುಚಿ ಕೊಟ್ಟಳು. ಅದೂ ಇಳಿಯದಾದಾಗ ಅಂಬಲಿ ಕಾಸಿ ಕೊಟ್ಟಳು.

"ಹಲ್ಲಾಗ ಹುಳಾ ಆಗ್ಯಾವ. ನೆಲಗುಳ್ಳದ ಬೀಜದ ಹೊಗಿ ಕೊಟ್ರ ಪಟಪಟ ಉದುರತಾವ," ಎಂದಳು ಮಾಯವ್ವ.

ಹೊಗೆ ಕೊಟ್ಟರು. ಹುಳು ಉದುರಲಿಲ್ಲ, ಸತ್ತೆವ್ವನ ಕಣ್ಣಿನಿಂದ ನೀರು ಉದುರಿತು. ಲವಂಗ ಅರೆದು ಹಚ್ಚಿದರು, ಎಕ್ಕೆಯ ಹಾಲು ಸವರಿದರು. ಬಾವು ಇನ್ನಷ್ಟು ಕೆಂಪಾಯಿತು.

ಹೊಲದಲ್ಲಿ ಕೊಯ್ಯುವ ಆಳುಗಳಿಗೆ ಬುತ್ತಿ ಹೋಗಬೇಕಾಗಿತ್ತು. ಹಟ್ಟಿಯಲ್ಲಿ ಕುರಿ ಈಯುವ ಕಾಲವೂ ಅದೇ. ಎರಡನೆಯ ಸೊಸೆ ಕಾಶೆವ್ವ ಹಿಂದಿನ ವರ್ಷವಷ್ಟೇ ಕಿರಿಯ ಮಗ ಶಿದ್ರಾಮನ ಕೈಹಿಡಿದು ಬಂದವಳು. ಈಗ ಮೂರು ಕಲ್ಲಿನ ಒಲೆಯ ಮುಂದೆ ಅವಳೊಬ್ಬಳೇ ಕೂತು ರೊಟ್ಟಿ ಬಡಿಯಬೇಕಾಯಿತು.

"ನನ್ನ ಕೈ ನೋಡ್ರಿ ಅತ್ತಿ, ಬೊಬ್ಬಿ ಎದ್ದಾವ. ಹಲ್ಲ ಬ್ಯಾನಿ ಆಕೀಗಿ, ಶಿಕ್ಷಾ ನನಗ."

"ಬಾಯಿ ಬಡಿಯೂದ ಬಿಟ್ಟು ರೊಟ್ಟಿ ಬಡಿ," ಎಂದಳು ಮಾಯವ್ವ.

ಸತ್ತೆವ್ವನ ಗಂಡ ಖಂಡೆಪ್ಪ ಹೆಚ್ಚು ಮಾತಿನವನಲ್ಲ. ಅವಳಿಗೆ ಜ್ವರ ಬಂದ ದಿನ ಎತ್ತು ಹೂಡಿ ಗಾಡಿಯಲ್ಲಿ ಹುಲ್ಲು ಹರವಿದ. "ಘಟಪ್ರಭಾಕ ಕರಕೊಂಡ ಹೋಗತೇನಿ," ಎಂದ.

ಉದ್ದಪ್ಪ ಕಟ್ಟೆಯ ಮೇಲೆ ಕೂತು ಉಣ್ಣೆ ಹಿಂಜುತ್ತಿದ್ದ. "ಹಲ್ಲಿಗೆ ದವಾಖಾನಿ ಕಂಡಾಂವ ನೀನೊಬ್ಬನ ನೋಡು," ಎಂದ. ಆಮೇಲೆ ಗಾಡಿಯಲ್ಲಿ ಮುದುಡಿ ಕೂತ ಸೊಸೆಯ ಮುಖ ನೋಡಿ, "ಒಂದ ಟಗರ ಮಾರಿದ್ರಾತು, ಹೋಗ್ರಿ," ಎಂದ. ಮಾಯವ್ವ ಕಂಬಳಿ ಕೊಡವಿಕೊಂಡು ತಾನೂ ಗಾಡಿ ಹತ್ತಿದಳು.

ಘಟಪ್ರಭಾದ ದವಾಖಾನೆಯಲ್ಲಿ ವಯಸ್ಸಾದ ಡಾಕ್ಟರು ದವಡೆಯನ್ನು ಹೊರಗಿನಿಂದಲೇ ಒತ್ತಿ ನೋಡಿದರು.

"ಅಕ್ಕಲದಾಡಿ ಅಂತೀರಲ್ಲ, ಬುದ್ಧಿ ಹಲ್ಲು, ಅದು. ಎಲ್ಲಾ ಹಲ್ಲು ಬಂದಮ್ಯಾಲೆ ಕಡೀಕ ಬರೂ ಹಲ್ಲು. ಜಾಗಾ ಸಾಲದ ಅಡ್ಡ ಬೆಳದು ಒಸಡಿನ ಒಳಗ ಮಲಕೊಂಡೈತಿ. ಮೊದಲ ಸೂಜಿ ಚುಚ್ಚಿ ಬಾವು ಇಳಸೋಣ. ಆಮ್ಯಾಲ ಕೊಯ್ದು ತಗೀಬೇಕು. ಎಚ್ಚರ ಇದ್ದಾಗ ಆಗೂ ಕೆಲಸಲ್ಲ, ಮಲಗಿಸಿ ತಗೀತೇವಿ."

"ಮಲಗಿಸಿ ಅಂದ್ರ?" ಮಾಯವ್ವ ಕೇಳಿದಳು.

"ಮೂಗಿಗೆ ಔಷಧ ಹಿಡೀತೇವಿ ಅಜ್ಜಿ. ನಿದ್ದಿ ಹತ್ತತೈತಿ. ಕೊಯ್ದರೂ ಗೊತ್ತಾಗೂದಿಲ್ಲ."

"ಎಚ್ಚರ ಬರದಿದ್ರ?"

"ಬರತೈತಿ."

ಮಾಯವ್ವನಿಗೆ ಸಮಾಧಾನವಾಗಲಿಲ್ಲ. ಹೊರಗೆ ಬೇವಿನ ಗಿಡದ ಕೆಳಗೆ ಮಗನನ್ನು ನಿಲ್ಲಿಸಿ, "ಬ್ಯಾಡೋ ಖಂಡ್ಯಾ, ಮನಿಗಿ ಹೋಗೂಣು. ಒಬ್ಬನ್ನ ಮಣ್ಣಾಗ ಇಟ್ಟ ಕೈ ಇದು. ಮತ್ತೊಬ್ಬರನ್ನ…" ಎಂದವಳೇ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಖಂಡೆಪ್ಪ ಬೇರೆ ಕಡೆ ನೋಡಿದ.

ಆ ಮನೆಯಲ್ಲಿ ಆ ಮಾತು ಆಡುವಂತಿರಲಿಲ್ಲ. ಎರಡು ವರ್ಷದ ಹಿಂದಿನ ಮಳೆಗಾಲದಲ್ಲಿ ಸತ್ತೆವ್ವನ ಮಗ ಕರೆಪ್ಪ ವಾಂತಿಭೇದಿಯಿಂದ ತೀರಿಕೊಂಡಿದ್ದ. ನಾಲ್ಕು ವರ್ಷದ ಹುಡುಗ. ಆಗ ಸತ್ತೆವ್ವ ಹಾಸಿಗೆ ಹಿಡಿದ ತಾಯಿಯನ್ನು ನೋಡಲು ತವರೂರು ನಾಗನೂರಿಗೆ ಹೋಗಿದ್ದಳು. ಮಗ ಅಜ್ಜನ ಕುರಿಮರಿ ಬಿಟ್ಟು ಬರುವುದಿಲ್ಲ ಎಂದು ಹಟ ಹಿಡಿದು ಉಳಿದಿದ್ದ. ಖಂಡೆಪ್ಪ, ಶಿದ್ರಾಮ ಇಬ್ಬರೂ ಮಳೆಗೆ ಅಂಜಿ ಕುರಿ ಹೊಡೆದುಕೊಂಡು ಮೂಡಲ ಸೀಮೆಗೆ ಹೋಗಿದ್ದರು. ಸುದ್ದಿ ಮುಟ್ಟಿ ಸತ್ತೆವ್ವ ಓಡಿ ಬಂದರೆ ಹೊಳೆ ದಂಡೆ ಮೀರಿ ಹರಿಯುತ್ತಿತ್ತು, ಹರಿಗೋಲು ಬಿಡುತ್ತಿರಲಿಲ್ಲ. ನೀರಿಗಿಳಿಯಲು ಹೋದವಳನ್ನು ಅಣ್ಣ ತಮ್ಮಂದಿರು ರಟ್ಟೆ ಹಿಡಿದು ಎಳೆದರು. ಹೊಳೆ ಇಳಿದು ಅವಳು ಮನೆ ಸೇರುವ ಹೊತ್ತಿಗೆ ಮಗನನ್ನು ಹೂತ ಕುಣಿಯ ಮಣ್ಣಿನ ಮೇಲೆ ಹಸಿರು ಹುಲ್ಲು ಚಿಗುರಿತ್ತು. ಖಂಡೆಪ್ಪ ಬಂದದ್ದು ಅದಕ್ಕೂ ತಡವಾಗಿ.

ಅವಳು ತಲೆ ಚಚ್ಚಿಕೊಂಡು ಅತ್ತಾಗ ಉದ್ದಪ್ಪ ಹೇಳಿದ್ದ: "ಹೆಸರ ಹಿಡದು ಕರದ್ರ ಹ್ವಾದ ಜೀವಕ್ಕ ಹಾದಿ ಸಿಗೂದಿಲ್ಲ. ಈ ಮನ್ಯಾಗ ಇನ್ನ ಆ ಹೆಸರು ಬ್ಯಾಡ." ಹಿರಿಯನ ಮಾತು. ಅಂದಿನಿಂದ ಯಾರೂ ಆ ಹೆಸರು ಎತ್ತಿರಲಿಲ್ಲ.

ಖಂಡೆಪ್ಪ ಮನೆಗೆ ಹೊರಡಲು ಒಪ್ಪಲಿಲ್ಲ. ಬಾವು ಇಳಿದ ಮೇಲೆ ಸತ್ತೆವ್ವನನ್ನು ಬಿಳಿ ಬಟ್ಟೆ ಹಾಸಿದ ಮೇಜಿನ ಮೇಲೆ ಮಲಗಿಸಿದರು. ಹೊಟ್ಟೆ ಖಾಲಿ ಇತ್ತು. ಮುಂಜಾನೆ ಒಂದು ಗುಟುಕು ನೀರನ್ನೂ ಕೊಟ್ಟಿರಲಿಲ್ಲ. ನರ್ಸಬಾಯಿ ಬಟ್ಟೆ ಸುತ್ತಿದ ತಂತಿಯ ಜಾಳಿಗೆಯೊಂದನ್ನು ಅವಳ ಮೂಗು ಬಾಯಿಗಳ ಮೇಲೆ ಇಟ್ಟು ಸೀಸೆಯಿಂದ ಹನಿ ಹನಿಯಾಗಿ ಔಷಧ ಬಿಟ್ಟಳು. ಘಾಟು, ಅದರ ಹಿಂದೆ ಏನೋ ಸಿಹಿ. ಸತ್ತೆವ್ವ ಕೊಸರಾಡಿದಳು.

"ಅಂಜಬ್ಯಾಡವ್ವಾ. ಕುರಿ ಎಣಿಸ್ತೀರಲ್ಲ ನೀವು? ಹಂಗ ಎಣಿಸು."

ಸತ್ತೆವ್ವ ಎಣಿಸಿದಳು. ಹಟ್ಟಿಯ ಬಾಗಿಲು ಸರಿಸಿ ಒಂದೊಂದನ್ನೇ ಒಳಗೆ ಬಿಟ್ಟಳು. ಕುರಿಗಳೆಲ್ಲ ಒಳಗೆ ಹೋದವು. ಮುಳ್ಳುಬೇಲಿಯ ಬದಿಗೆ ಕರೆಪ್ಪ ಕುಕ್ಕರಗಾಲಲ್ಲಿ ಕೂತಿದ್ದ. ಮೊಳಕಾಲ ಮೇಲೆ ಒಣಗಿದ ರಾಡಿ, ಕೈಯಲ್ಲಿ ಅರ್ಧ ಮುರಿದ ರೊಟ್ಟಿ. ಅವಳನ್ನು ನೋಡಿ ಸಿಟ್ಟಿನಿಂದ ಹುಬ್ಬು ಗಂಟಿಕ್ಕಿದ.

"ಎಲ್ಲಿ ಹೋಗಿದ್ದಿ ಇಷ್ಟೊತ್ತನಾ?" ಎಂದ.

ಸತ್ತೆವ್ವ ಬಾಯಿ ತೆರೆದಳು. ಬಾಯಿ ಸಲೀಸಾಗಿ ತೆರೆಯಿತು. ಇನ್ನೇನು ಹೇಳಬೇಕು, ಅಷ್ಟರಲ್ಲಿ ಯಾರೋ ಕೆನ್ನೆ ತಟ್ಟಿದರು.

"ಸತ್ತೆವ್ವಾ, ಕಣ್ಣ ತೆರಿ. ಮುಗೀತು ನೋಡು."

ಬಾಯಿ ತುಂಬ ರಕ್ತದ ರುಚಿ. ತಲೆಯ ಹತ್ತಿರ ಅತ್ತೆ, ಕಾಲ ಹತ್ತಿರ ಗಂಡ. ಸತ್ತೆವ್ವ ಅವರಿಬ್ಬರನ್ನೂ ಗುರುತು ಇಲ್ಲದವಳಂತೆ ನೋಡಿದಳು. ತೊದಲುತ್ತ ಒಂದೇ ಮಾತು ಕೇಳಿದಳು: "ಯಾಕ ಎಬ್ಬಿಸಿದ್ರಿ?"

ನರ್ಸಬಾಯಿ ನಕ್ಕಳು. ಮಾಯವ್ವ ಅಳುತ್ತಲೇ ನಕ್ಕಳು. ಡಾಕ್ಟರು ಎಡಗಡೆಯ ಮೇಲಿನದು ಕೆಳಗಿನದು ಎರಡೂ ಹಲ್ಲು ತೆಗೆದಿದ್ದರು. "ಬಲಗಡೆಯವು ನೆಟ್ಟಗ ಬರಾಕತ್ತಾವ. ಮುಂದ ತ್ರಾಸ ಕೊಟ್ರ ಬರ್ರಿ, ನೋಡೋಣು," ಎಂದರು.

ಊರಿಗೆ ಬಂದ ಮೇಲೆ ಕೆಲವು ದಿನ ಗಂಜಿ, ಆಮೇಲೆ ಮೆತ್ತಗಿನ ಅನ್ನ, ಆಮೇಲೆ ರೊಟ್ಟಿ. ಸತ್ತೆವ್ವ ಮತ್ತೆ ಒಲೆಯ ಮುಂದೆ ಕೂತಳು, ಕಾಶೆವ್ವನ ಗೊಣಗಾಟ ನಿಂತಿತು. ಉದ್ದಪ್ಪ ಬಂದವರೆದುರು ಚೇಷ್ಟೆ ಮಾಡುತ್ತಿದ್ದ: "ನಮ್ಮ ಸೊಸಿಗೆ ಅಕ್ಕಲ ಹೆಚ್ಚಾಗಿತ್ರಿ, ಟಗರ ಮಾರಿ ಕೀಳಿಸಿ ಬಂದೇವಿ."

ಸತ್ತೆವ್ವನೂ ನಗುತ್ತಿದ್ದಳು. ಆದರೆ ಮಧ್ಯಾಹ್ನ ಕೆಲಸ ಮುಗಿದ ಕೂಡಲೇ ಜೋಳದ ಕಣಕಿಯ ಬಣವೆಯ ನೆರಳಿಗೆ ಹೋಗಿ ಅಡ್ಡಾಗುವಳು. ಹಿಂದೆಂದೂ ಹಗಲು ಮಲಗಿದವಳಲ್ಲ. ನಿದ್ದೆ ಬರುತ್ತಿತ್ತು, ನಿದ್ದೆಯಲ್ಲಿ ಹಿಟ್ಟು, ಸೆಗಣಿ, ಬಾವಿಯ ಹಗ್ಗ ಬರುತ್ತಿದ್ದವು. ಅವನು ಬರುತ್ತಿರಲಿಲ್ಲ. ಹಲ್ಲು ತೆಗೆದ ದಿನ ಅವಳ ದವಡೆಗೆ ಕಟ್ಟಿದ್ದ ಬಟ್ಟೆಯಲ್ಲಿ ಆ ಔಷಧದ ವಾಸನೆ ಉಳಿದಿತ್ತು. ಅದನ್ನು ಮಡಿಚಿ ತಲೆದಿಂಬಿನ ಕೆಳಗೆ ಇಟ್ಟುಕೊಂಡಿದ್ದಳು. ಮಲಗುವ ಮುಂಚೆ ಮೂಗಿಗೆ ಒತ್ತಿಕೊಳ್ಳುತ್ತಿದ್ದಳು.

ಒಂದು ದಿನ ಕಾಶೆವ್ವ ಮನೆಯ ಅರಿವೆಗಳನ್ನೆಲ್ಲ ಹೊಳೆಗೆ ಒಯ್ದು ಒಗೆದುಕೊಂಡು ಬಂದಳು. ಸತ್ತೆವ್ವ ಹಗ್ಗದ ಮೇಲೆ ನೋಡಿದರೆ ಆ ಬಟ್ಟೆ ಬಿಸಿಲಿಗೆ ಬೆಳ್ಳಗೆ ಹಾರಾಡುತ್ತಿತ್ತು.

"ಇದನ್ನ ಯಾಕ ಒಗದಿ?"

"ರಕ್ತದ ಕಲಿ ಇತ್ತಕ್ಕಾ. ಹೊಲಸ ನಾರಾಕತ್ತಿತ್ತು."

"ಯಾಕ ಒಗದಿ ಅಂತ ಕೇಳಿದ್ನಿ! ನನ್ನ ಹಾಸಿಗಿಗೆ ಕೈ ಹಚ್ಚಂದವರ್ಯಾರು?"

ಕಾಶೆವ್ವ ಬುಟ್ಟಿ ನೆಲಕ್ಕೆ ಕುಕ್ಕಿದಳು. "ನಿನ್ನ ಸಲುವಾಗಿ ಸುಗ್ಗಿ ತುಂಬ ಕೈ ಸುಟಗೊಂಡೇನಿ. ಒಂದ ಹಳೀ ಅರಿವಿ ಒಗದಿದ್ದಕ್ಕ ಇಷ್ಟ ಬೈತಿ? ಕೇಳ್ರಿ ಅತ್ತಿ, ನಾ ಏನ ತಪ್ಪ ಮಾಡೇನಿ?"

ಮಾಯವ್ವ ಇಬ್ಬರ ಮುಖವನ್ನೂ ನೋಡಿದಳು. ಸತ್ತೆವ್ವ ಒದ್ದೆ ಬಟ್ಟೆ ಮೂಗಿಗೆ ಹಿಡಿದು ನಿಂತಿದ್ದಳು. ಅದರಲ್ಲಿ ಹೊಳೆಯ ನೀರಿನ ವಾಸನೆಯ ಹೊರತು ಬೇರೇನೂ ಇರಲಿಲ್ಲ.

ಆ ವಾರದಿಂದಲೇ ಸತ್ತೆವ್ವ ಬಲದವಡೆ ಹಿಡಿದುಕೊಳ್ಳತೊಡಗಿದಳು. ಊಟಕ್ಕೆ ಕೂತರೆ ರೊಟ್ಟಿ ಹಿಂದಕ್ಕೆ ಸರಿಸಿ, "ಈ ಕಡೀದೂ ಸುರು ಆಗೈತ್ರಿ. ಡಾಕ್ಟರ ಹೇಳಿದ್ರಲ್ಲ, ಮಲಗಿಸಿ ತಗೀಬೇಕಾಕ್ಕೈತಿ," ಎನ್ನುವಳು.

"ಬಾವು ಎಲ್ಲೈತಿ? ಬಾಯಿ ತೆರಿ, ನೋಡೂಣು," ಎಂದಳು ಮಾಯವ್ವ.

"ಒಳಗ ಐತ್ರಿ."

ಒಂದು ಸಂಜೆ ಎಲ್ಲರೂ ಪಡಸಾಲೆಯಲ್ಲಿ ಊಟಕ್ಕೆ ಕೂತಾಗ ಕಾಶೆವ್ವ ತಡೆಯಲಾರದೆ ಅಂದುಬಿಟ್ಟಳು: "ಬ್ಯಾನಿ ಇದ್ದವರು ಕಬ್ಬ ತಿಂತಾರೇನ್ರಿ ಮಾವ? ಮುಂಜಾನಿ ಬದುವಿನ ಮ್ಯಾಲೆ ಕುಂತು ಸಿಗದ ಸಿಗದ ತಿನ್ನಾಕತ್ತಿದ್ಲು. ಅದೂ ಬಲಗಡೆ ಹಲ್ಲಿಲೆ."

ಉದ್ದಪ್ಪ ತಾಟಿನಿಂದ ತಲೆ ಎತ್ತಿದ. "ಹೌದೇನು?"

ಸತ್ತೆವ್ವ ರೊಟ್ಟಿ ಹಿಂದಕ್ಕೆ ಸರಿಸಿದಳು.

"ಕೆಲಸಕ್ಕ ಬ್ಯಾಸರ ಆಗಿದ್ರ ಬಾಯಿಬಿಟ್ಟ ಹೇಳು. ಸುಳ್ಳ ಹೇಳಿ ದವಾಖಾನಿಗೆ ಓಡೂದ ಯಾತಕ್ಕ?"

"ನೋವು ನಂದ್ರಿ. ನಿಮಗ್ಹೆಂಗ ಗೊತ್ತಾಕ್ಕೈತಿ?" ಎಂದಳು ಸತ್ತೆವ್ವ. ಮಾವನಿಗೆ ಅವಳು ಎದುರು ಮಾತಾಡಿದ್ದು ಅದೇ ಮೊದಲು. ಶಿದ್ರಾಮ ಹೆಂಡತಿಯನ್ನು ಕಣ್ಣಲ್ಲೇ ಗದರಿದ. ಮಾಯವ್ವ ಬಡಿಸುವ ಸೌಟು ಹಿಡಿದುಕೊಂಡೇ ನಿಂತಳು.

ಖಂಡೆಪ್ಪ ತಾಟಿನಲ್ಲೇ ಕೈ ತೊಳೆದ. "ನಾಳೆ ಕರಕೊಂಡ ಹೋಗಿ ತೋರಿಸಿಕೊಂಡ ಬರತೇನಿ. ಡಾಕ್ಟರ ಏನಂತಾರೋ ಅದು," ಎಂದು ಎದ್ದ.

ಮರುದಿನ ಡಾಕ್ಟರು ಸಣ್ಣ ಕನ್ನಡಿ ಹಿಡಿದು ಅವಳ ಬಾಯೊಳಗೆಲ್ಲ ನೋಡಿದರು. ಕಡ್ಡಿಯಂಥ ಉಪಕರಣದಿಂದ ಒಂದೊಂದೇ ಹಲ್ಲು ತಟ್ಟಿದರು.

"ಇಲ್ಲಿ ನೋವೈತೇನು?"

"ಐತ್ರಿ."

"ಇಲ್ಲಿ?"

"ಐತ್ರಿ."

"ಇದು ಮುಂದಿನ ಹಲ್ಲವ್ವಾ. ಇಲ್ಲೂ ಐತೇನು?"

ಡಾಕ್ಟರು ಕನ್ನಡಿ ಕೆಳಗಿಟ್ಟರು.

"ಅಕ್ಕಲದಾಡಿ ನೆಟ್ಟಗ ಬಂದೈತಿ. ನನ್ನ ಹಲ್ಲಿಗಿಂತ ಗಟ್ಟಿ ಐತಿ. ಇಂಥಾ ಹಲ್ಲು ತಗದ್ರ ಪಾಪ ಬರತೈತಿ ನನಗ."

ಡಾಕ್ಟರು ಕೈ ತೊಳೆಯಲು ತಿರುಗಿದರು. ಸತ್ತೆವ್ವ ಕುರ್ಚಿಯಿಂದ ಇಳಿದು ಅವರ ಮುಂದೆ ನೆಲದ ಮೇಲೆ ಕೂತಳು.

"ಹಲ್ಲ ತಗೀಬ್ಯಾಡ್ರಿ ಸಾಹೇಬ್ರ. ಬರೇ ಮಲಗಸ್ರಿ. ಒಂದ ಸಲ."

ಡಾಕ್ಟರು ನಲ್ಲಿ ನಿಲ್ಲಿಸಿದರು. ಅವಳ ಕಡೆ ತಿರುಗಿ, "ಯಾರು ಕಂಡ್ರವ್ವಾ?" ಎಂದು ಕೇಳಿದರು.

"ನನ್ನ ಮಗಾರಿ. ಏನೋ ಕೇಳಿದ. ನಾ ಹೇಳೂದರಾಗ ಎಬ್ಬಿಸಿಬಿಟ್ರಿ. ಉತ್ತರಾ ಹೇಳಿ ಬಂದಬಿಡತೇನ್ರಿ. ಹೆಚ್ಚ ಹೊತ್ತ ಬ್ಯಾಡ."

ಬಾಗಿಲಲ್ಲಿ ನಿಂತಿದ್ದ ಖಂಡೆಪ್ಪ ಚೌಕಟ್ಟು ಹಿಡಿದುಕೊಂಡ.

"ಎದ್ದೇಳವ್ವಾ," ಎಂದರು ಡಾಕ್ಟರು. "ಅದು ಔಷಧ. ಮತ್ತ ಹಿಡದ್ರ ಅಂವನ ಬರತಾನಂತ ಏನಿಲ್ಲ. ಕತ್ತಲಿ ಬಿಟ್ರ ಬ್ಯಾರೆ ಏನೂ ಕಾಣಲಿಕ್ಕಿಲ್ಲ. ಜೀವಕ್ಕ ಅಪಾಯ ಇರೂ ಔಷಧ ಅದು. ನಿನಗ ಇಲ್ಲಂದೆ ಅಂತ ಸಿಟ್ಟ ಮಾಡಬ್ಯಾಡ."

"ಅಪಾಯ ಇದ್ರ ಇರಲ್ರಿ."

"ಇರಲಿ ಅನ್ನಾಕ ನನಗ ಬರೂದಿಲ್ಲವ್ವಾ," ಎಂದರು ಡಾಕ್ಟರು. ಆಮೇಲೆ ಖಂಡೆಪ್ಪನ ಕಡೆ ತಿರುಗಿ, "ಕರಕೊಂಡ ಹೋಗಪಾ. ಒಬ್ಬಾಕಿನ್ನ ಬಿಡಬ್ಯಾಡ. ಮಾತಾಡ್ರಿ ಆಕಿ ಜೋಡಿ," ಎಂದರು.

ಸ್ಟೇಶನ್ನಿನ ಎದುರು ಚಹಾದ ಅಂಗಡಿಯ ಬಾಕಿನ ಮೇಲೆ ಇಬ್ಬರೂ ಕೂತರು. ಖಂಡೆಪ್ಪ ಚಹಾ ಹೇಳಿದ, ಮಿರ್ಚಿಭಜಿ ತರಿಸಿದ. ಸತ್ತೆವ್ವನ ಬಟ್ಟಲಲ್ಲಿ ಚಹಾ ಆರಿ ಕೆನೆ ಕಟ್ಟಿತು. ಮಿರಜಿನ ಕಡೆಯ ಗಾಡಿ ಬಂದು ನಿಂತಿತು. ಬುಟ್ಟಿ ಹೊತ್ತ ಹೆಂಗಸರು ಇಳಿದರು, ಹತ್ತಿದರು. ಗಾಡಿ ಹೋಯಿತು.

"ಹೆಂಗಿದ್ದ?" ಎಂದು ಕೇಳಿದ ಖಂಡೆಪ್ಪ.

ಸತ್ತೆವ್ವ ಗಂಡನನ್ನು ನೋಡಿದಳು. ಅವನು ರೈಲಿನ ಹಳಿಯ ಕಡೆಗೇ ಮುಖ ಮಾಡಿದ್ದ.

"ಹಂಗ ಇದ್ದ. ಮೊದಲಿನಂಗ."

"ಸೊರಗಿದ್ದನೇನು?"

"ಇಲ್ರಿ. ರೊಟ್ಟಿ ಇತ್ತು ಕೈಯಾಗ."

"ಏನಂದ?"

"ಎಲ್ಲಿ ಹೋಗಿದ್ದಿ ಇಷ್ಟೊತ್ತನಾ ಅಂದ."

ಖಂಡೆಪ್ಪ ತಲೆಯ ರುಮಾಲು ಬಿಚ್ಚಿ ಮತ್ತೆ ಸುತ್ತಿಕೊಂಡ. "ನನ್ನ ಕೇಳಲಿಲ್ಲೇನು?"

"ಕೇಳಾಕ ಬಾಯಿ ತೆರದಿದ್ದ. ಅಷ್ಟರಾಗ ಎಬ್ಬಿಸಿದ್ರು," ಎಂದಳು ಸತ್ತೆವ್ವ.

ಅವನು ಎದ್ದು ಹೋಗಿ ಅಂಗಡಿಯ ಹಿಂದೆ ನೀರಿನ ಹಂಡೆಯ ಹತ್ತಿರ ಮುಖ ತೊಳೆದುಕೊಂಡ. ಬಹಳ ಹೊತ್ತು ತೊಳೆದುಕೊಂಡ. ಬಂದವನು ಇನ್ನೊಂದು ಚಹಾ ಹೇಳಿ, ಬಿಸಿ ಬಟ್ಟಲನ್ನು ಅವಳ ಕೈಗೆ ಕೊಟ್ಟು, ಅವಳು ಕುಡಿದು ಮುಗಿಸುವ ತನಕ ಮುಂದೆ ನಿಂತ.

ದೀಪ ಹಚ್ಚುವ ಹೊತ್ತಿಗೆ ಮನೆ ಸೇರಿದರು. ತಾಟು ಹಾಕಿದ್ದರು. ಪುಂಡಿಪಲ್ಯ, ರೊಟ್ಟಿ, ಹಸಿ ಉಳ್ಳಾಗಡ್ಡಿ.

"ಕಿತ್ತರೇನು?" ಉದ್ದಪ್ಪ ಕೇಳಿದ.

"ಹಲ್ಲಿಗೆ ಏನೂ ಆಗಿಲ್ಲ," ಎಂದ ಖಂಡೆಪ್ಪ.

"ನಾ ಹೇಳಿರಲಿಲ್ಲ?" ಎಂದಳು ಕಾಶೆವ್ವ, ಒಲೆಯ ಬದಿಯಿಂದ.

ಖಂಡೆಪ್ಪ ರೊಟ್ಟಿ ಮುರಿಯುತ್ತ, ದನಿ ಏರಿಸದೆ ಅಂದ: "ಆಕಿ ಹಲ್ಲಿನ ಸಲುವಾಗಿ ಹೋಗಿರಲಿಲ್ಲ. ಕರೆಪ್ಪನ್ನ ನೋಡಾಕ ಹೋಗಿದ್ಲು."

ಮಾಯವ್ವನ ಕೈಯಿಂದ ಪಲ್ಯದ ಪರಾತ ಜಾರಿತು. ಉದ್ದಪ್ಪನ ತುತ್ತು ತಾಟಿನ ಮೇಲೆಯೇ ನಿಂತಿತು.

"ಆ ಹೆಸರ ಈ ಮನ್ಯಾಗ ತಗೀಬ್ಯಾಡ ಅಂತ ಹೇಳೇನಿ."

"ಯಾಕ ತಗೀಬಾರ್ದು? ನೀವಿಬ್ರೂ ಅಂವನ್ನ ಕಡೀಕ ನೋಡೀರಿ. ನಾ ನೋಡಿಲ್ಲ, ಆಕಿ ನೋಡಿಲ್ಲ. ಹೆಂಗ ಹ್ವಾದ, ಏನ ಅಂದ, ಹಸಿದ ಹ್ವಾದನೋ ಉಂಡ ಹ್ವಾದನೋ ನಮಗ ಗೊತ್ತಿಲ್ಲ. ಬಂದ್ರ ಹುಲ್ಲ ತೋರಿಸಿದ್ರಿ. ಈಗ ಆಕಿ ಡಾಕ್ಟರ ಕಾಲ ಹಿಡದು, ಸತ್ತರೂ ಚಿಂತಿಲ್ಲ ಮಲಗಸ್ರಿ ಅನ್ನಾಕತ್ತಾಳ. ನಾಳೆ ಹೊಳಿಗೆ ಬೀಳತಾಳ. ಆವಾಗ ಯಾರ ಹೆಸರ ಬ್ಯಾಡ ಅಂತೀರಿ?"

ಆ ಮನೆಯಲ್ಲಿ ಖಂಡೆಪ್ಪ ಅಷ್ಟು ಮಾತು ಒಮ್ಮೆಗೇ ಆಡಿದ್ದನ್ನು ಯಾರೂ ಕೇಳಿರಲಿಲ್ಲ. ಕಾಶೆವ್ವ ಒಲೆಯ ಬೆಳಕಿನಲ್ಲಿ ಸತ್ತೆವ್ವನ ಮುಖ ನೋಡಿದಳು, ಆಮೇಲೆ ತನ್ನ ಕೈಗಳನ್ನು ನೋಡಿಕೊಂಡಳು. ಅವಳು ಆ ಹುಡುಗನನ್ನು ಕಂಡವಳಲ್ಲ. ಅವನ ಹೆಸರು ಈ ಮನೆಯೊಳಗೆ ಕೇಳಿದ್ದೂ ಅದೇ ಮೊದಲು.

ಉದ್ದಪ್ಪ ಊಟ ಬಿಟ್ಟು ಎದ್ದ. ಗೂಟದ ಕಂಬಳಿ ತೆಗೆದು ಹೆಗಲಿಗೆ ಹಾಕಿಕೊಂಡು ಹಟ್ಟಿಯ ಕಡೆ ಹೊರಟವನು ಹೊಸ್ತಿಲಲ್ಲಿ ನಿಂತ. ಯಾರ ಕಡೆಗೂ ತಿರುಗದೆ, "ಕುಣಿ ತೋಡಿದಾಂವ ನಾನು. ನನ್ನ ಮೈಲೆ ಅಳತಿ ತಗೊಳ್ಳಾಕ ಅಂವನ ಬಾಜೂಕ ಮಲಕೊಂಡಿದ್ನಿ. ಹೇಳಾಕ ನನ್ನ ಕೈಲೆ ಆಗೂದಿಲ್ಲೋ ಖಂಡ್ಯಾ," ಎಂದ. ದನಿ ಸಣ್ಣದಾಗಿತ್ತು. "ನಿಮ್ಮವ್ವ ಹೇಳಿದ್ರ ಹೇಳಲಿ."

ಮರುದಿನ ಗಂಡಸರು ಹೊಲಕ್ಕೆ, ಕುರಿಯ ಹಿಂದೆ ಹೋದರು. ಖಂಡೆಪ್ಪನೊಬ್ಬ ಹೋಗಲಿಲ್ಲ, ಅಂಗಳದಲ್ಲಿ ನೇಗಿಲು ರಿಪೇರಿ ಮಾಡುವ ನೆವದಲ್ಲಿ ಕೂತ. ಒಲೆಯ ಮುಂದೆ ಮಾಯವ್ವ ಹಿಟ್ಟು ನಾದಿ ರೊಟ್ಟಿ ಬಡಿಯುತ್ತಿದ್ದಳು. ಸತ್ತೆವ್ವ ಎದುರಿಗೆ ಜೋಳ ಹಸನು ಮಾಡುತ್ತಿದ್ದಳು. ಮಾಯವ್ವ ತಲೆ ಎತ್ತದೆ ಸುರುಮಾಡಿದಳು.

"ಹೇಳಿದ್ರ ನಿನ್ನ ಹೊಟ್ಟಿ ಉರೀತೈತಂತ ಹೇಳಲಿಲ್ಲವ್ವಾ. ನಂದೂ ಉರೀತಿತ್ತು. ಮಧ್ಯಾಹ್ನದಾಗ ವಾಂತಿ ಸುರು ಆತು. ಕಾಲ ಸೆಟದ ಸೆಟದ ಹಿಡೀತಿದ್ವು. ಬೂದಿ ಬೆಚ್ಚಗ ಮಾಡಿ ತಿಕ್ಕಿದ್ನಿ. ನೀರ ನೀರ ಅಂದ. ಊರ ಮಂದಿ ಕೊಡಬ್ಯಾಡ ಅಂದ್ರು. ನಾ ಕೊಟ್ನಿ. ಬೇಡಿದಷ್ಟ ಕೊಟ್ನಿ. ತಪ್ಪೋ ಸರಿಯೋ ನನಗ ಗೊತ್ತಿಲ್ಲ. ತಣ್ಣಗ ಕುಡದ."

ಸತ್ತೆವ್ವನ ಮೊರ ನಿಂತಿತ್ತು.

"ನಡುವ ಒಂದ ಮರಿ ಒಳಗ ಬಂದು ಅಂವನ ಪಾದಾ ನೆಕ್ಕಿತು. ಹೋಗ ಭಾಡ್ಯಾ, ನನಗ ಕಚಗುಳಿ ಆಗತೈತಿ ಅಂದು ನಕ್ಕ. ಖರೇನ ನಕ್ಕ."

"ನಕ್ಕನೇನ್ರಿ?"

"ನಕ್ಕ. ಹಲ್ಲ ಕಾಣೂವಂಗ ನಕ್ಕ. ಆಮ್ಯಾಲ ನನ್ನ ಕಡೆ ನೋಡಿ, ಆಯಿ, ಅವ್ವ ಎಲ್ಲಿ ಅಂದ. ನಿಮ್ಮವ್ವ ಹೊಳಿ ಆಚೀ ದಂಡಿಗೆ ಬಂದ ನಿಂತಾಳೋ, ನೀರ ಏರೇತಿ, ಇಳದ ಕೂಡ್ಲೆ ಬರತಾಳ ಅಂದ್ನಿ."

"ಅಂವ ಏನಂದ್ರಿ?"

ಮಾಯವ್ವನ ಅಂಗೈ ರೊಟ್ಟಿಯ ಮೇಲೆ ನಿಂತಿತು.

"ಹೊಳ್ಯಾಗ ಇಳೀಬ್ಯಾಡ ಅನ್ನು ಅವ್ವಗ, ನಾ ಇಲ್ಲೇ ಇರತೇನಿ ಅನ್ನು ಅಂದ. ನಿನ್ನ ಹಳೀ ಸೀರಿ ಹೊಚ್ಚಿದ್ನಿ, ಅದರ ಸೆರಗ ಮುಷ್ಟ್ಯಾಗ ಹಿಡಕೊಂಡ. ಬಿಡಿಸಾಕ ಹೋಗಲಿಲ್ಲ ನಾವು. ಅದರಾಗ ಸುತ್ತಿ ಕಳಿಸೇವಿ."

ಅಂಗಳದಲ್ಲಿ ಬಾಚಿಯ ಸಪ್ಪಳ ನಿಂತಿತ್ತು. ಖಂಡೆಪ್ಪ ಬಂದು ಬಾಗಿಲಿನ ಒಳಗೆ ಕೂತಿದ್ದ. ಸತ್ತೆವ್ವ ಮೊರದ ಮೇಲೆ ಬಾಗಿ ಅತ್ತಳು. ಅತ್ತೆಯೂ ಅತ್ತಳು. ಹಂಚಿನ ಮೇಲೆ ರೊಟ್ಟಿ ಕಪ್ಪಗಾಗಿ ಹೊಗೆ ಎದ್ದಿತು. ಕಾಶೆವ್ವ ಹಿತ್ತಲಿನಿಂದ ಬಂದು, ಸುಟ್ಟ ರೊಟ್ಟಿ ಎತ್ತಿ ಬದಿಗಿಟ್ಟು, "ಸರೀರಿ ಅತ್ತಿ, ನಾ ಬಡೀತೇನಿ," ಎಂದು ಒಲೆಯ ಮುಂದೆ ಕೂತಳು.

ಸತ್ತೆವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. "ಮೊದಲಿಂದ ಹೇಳ್ರಿ ಅತ್ತಿ," ಎಂದಳು. "ಅಂವ ಮುಂಜಾನಿ ಎದ್ದಾಗಿಂದ ಹೇಳ್ರಿ. ಒಂದೂ ಬಿಡಬ್ಯಾಡ್ರಿ."

ಮಾಯವ್ವ ಹಿಟ್ಟಿನ ಕೈ ಕೊಡವಿ, ಗೋಡೆಗೆ ಬೆನ್ನು ಕೊಟ್ಟು ಕೂತಳು.

"ಮುಂಜಾನಿ ನನಗಿಂತ ಮೊದಲ ಎದ್ದಿದ್ದ," ಎಂದಳು. "ಎದ್ದವನ, ಆಯಿ, ಬೆಲ್ಲಾ ಹಚ್ಚಿ ರೊಟ್ಟಿ ಕೊಡು ಅಂದ. ಮಾರಿ ತೊಳಕೊಂಡ ಬಾ ಅಂದ್ನಿ. ತೊಳಕೊಂಡೇನಿ ಅಂದ, ತೊಳಕೊಂಡಿರಲಿಲ್ಲ…"